ಉತ್ತರದ ಪುಟಗಳನ್ನು ದಬ್ಬಳದಲ್ಲಿ ಹೊಲಿದಿಟ್ಟೆ: ಸೆಕೆಂಡ್ ಪಿಯುಸಿ ಗಣಿತದ ಗೈಡ್, ಮೂರು ವರ್ಷದ ಬಳಕೆ

ಈ ಗೈಡನ್ನು ನಾವು ಎರಡು ಸಲ ಕೊಂಡಿದ್ದೇವೆ. 2022ರ ಜೂನ್‌ನಲ್ಲಿ ಮಗಳಿಗೆ, 2024ರ ಜೂನ್‌ನಲ್ಲಿ ಮಗನಿಗೆ. ಎರಡನೇ ಸಲ ತಂದ ದಿನ ರಾತ್ರಿ ಊಟ ಮುಗಿಸಿ ನಾನು ಮೊದಲು ತೆಗೆದಿದ್ದು ಕೊನೆಯ ಉತ್ತರಗಳ ಭಾಗ. ಡೆಫಿನಿಟ್ ಇಂಟಿಗ್ರಲ್, 14ನೇ ಲೆಕ್ಕ. ಮೊದಲ ಸಲದ ಗೈಡಿನಲ್ಲಿದ್ದ ತಪ್ಪು ಉತ್ತರ, ಪೈ ಬೈ ಟೂ, ಅಲ್ಲಿ ಇನ್ನೂ ಹಾಗೇ ಇತ್ತು. ಮುಖಪುಟದ ಮೇಲೆ ಕೆಂಪು ಅಕ್ಷರದಲ್ಲಿ 'ಪರಿಷ್ಕೃತ ಆವೃತ್ತಿ' ಎಂದು ಬರೆದಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಗೈಡಿನ ಹೆಸರು ಇಲ್ಲಿ ಹಾಕುವುದಿಲ್ಲ. ಅಂಗಡಿಯಲ್ಲಿ ಇಂಥವು ನಾಲ್ಕೈದು ಸಿಗುತ್ತವೆ. ಕೊಳ್ಳುವ ಮೊದಲು ಏನು ತಿರುವಿ ನೋಡಬೇಕು ಅಂತ ತಿಳಿದರೆ ಸಾಕು. ಎಷ್ಟು ಪುಟ, ಎಷ್ಟು ಪ್ರಶ್ನೆ ಅಂತೆಲ್ಲ ಹೊದಿಕೆ ಮೇಲೇ ಇರುತ್ತದೆ, ಅದನ್ನೂ ಬರೆಯುವುದಿಲ್ಲ. ನಾವು ಮೊದಲ ಸಲ 320 ರೂಪಾಯಿ ಕೊಟ್ಟೆವು, ಎರಡನೇ ಸಲ 390.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಒಳಗೆ 3 ಕಿಲೋಮೀಟರ್. ಸಣ್ಣ ಅಡಿಕೆ ತೋಟ. ಮೊಬೈಲಿಗೆ ಸಿಗ್ನಲ್ ಬೇಕಂದ್ರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ವಿಡಿಯೋ ನೋಡಿ ಕಲಿಯುವ ಆ್ಯಪ್‌ಗಳಿಗೆ ಸಾವಿರಗಟ್ಟಲೆ ಕೊಡಲು ನಮ್ಮಿಂದ ಆಗುವುದಿಲ್ಲ, ಕೊಟ್ಟರೂ ನೋಡುವುದೆಲ್ಲಿ? ಸಂಜೆ ಟ್ಯೂಷನ್‌ಗೆ ಕಳಿಸಿದರೆ ವಾಪಸ್ ಬರಲು ಬಸ್ಸಿಲ್ಲ. ಹಾಗಾಗಿ ನಮ್ಮ ಮಕ್ಕಳಿಗೆ ಪರೀಕ್ಷೆ ತಯಾರಿ ಅಂದರೆ ಎನ್‌ಸಿಇಆರ್‌ಟಿ ಪುಸ್ತಕ, ಕಾಲೇಜಿನ ನೋಟ್ಸು, ಈ ಗೈಡು. ಇಷ್ಟೇ.

ಆ 14ನೇ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಸೊನ್ನೆಯಿಂದ ಪೈ ಬೈ ಟೂವರೆಗಿನ ಇಂಟಿಗ್ರಲ್, ಅದಕ್ಕೆ ಐ ಅನ್ನೋಣ. ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್. ಗಣಿತ ತಗೊಂಡ ಮಕ್ಕಳಿಗೆಲ್ಲ ಇದು ಗೊತ್ತು. ಪ್ರಾಪರ್ಟಿ ಪ್ರೂವ್ ಮಾಡಿ ಅದನ್ನೇ ಬಳಸಿ ಲೆಕ್ಕ ಬಿಡಿಸಿ ಅಂತ ಪತ್ರಿಕೆಯ ಕೊನೆಯ ಭಾಗ ಪಾರ್ಟ್ ಇ ಯಲ್ಲಿ 6 ಅಂಕಕ್ಕೆ ಕೇಳುವುದು ಇಂಥದ್ದನ್ನೇ. ಎಕ್ಸ್ ಇದ್ದ ಕಡೆ ಪೈ ಬೈ ಟೂ ಮೈನಸ್ ಎಕ್ಸ್ ಹಾಕಿದರೆ ಸೈನ್ ಎಲ್ಲ ಕಾಸ್ ಆಗುತ್ತದೆ, ಕಾಸ್ ಎಲ್ಲ ಸೈನ್ ಆಗುತ್ತದೆ. ಎರಡನ್ನೂ ಕೂಡಿಸಿದಾಗ ಮೇಲೂ ಕೆಳಗೂ ಒಂದೇ ಆಗಿ 1 ಉಳಿಯುತ್ತದೆ. ಆ 1ರ ಇಂಟಿಗ್ರಲ್ ಪೈ ಬೈ ಟೂ, ಅದೇ ಟೂ ಐ. ಹಾಗಾದರೆ ಐ ಪೈ ಬೈ ಫೋರ್. ಗೈಡಿನವರು ಟೂ ಐ ಬಂದಲ್ಲಿಗೇ ನಿಲ್ಲಿಸಿರಬೇಕು. ಕೊನೆಗೆ ಎರಡರಿಂದ ಭಾಗಿಸಲೇ ಇಲ್ಲ.

2022ರ ಆಗಸ್ಟ್‌ನಲ್ಲಿ ಮಗಳು ಈ ಲೆಕ್ಕ ಹಿಡಿದು ಕೂತಿದ್ದಳು. ಸಂಜೆಯಿಂದ ಜಡಿಮಳೆ. ಕರೆಂಟ್ ಹೋಗಿತ್ತು. ಎಮರ್ಜೆನ್ಸಿ ಲೈಟ್ ಇಟ್ಟುಕೊಂಡು ಮಾಡಿದಳು. ಪೈ ಬೈ ಫೋರ್ ಬಂತು, ಉತ್ತರ ನೋಡಿದಳು, ಪೈ ಬೈ ಟೂ. ಹೊಡೆದು ಹಾಕಿ ಮತ್ತೆ ಮಾಡಿದಳು. ನಾಲ್ಕು ಸಲ. ನಾನು ದೋಸೆಗೆ ಅರೆದು ಮುಗಿಸಿ ಬಂದಾಗ ಲೈಟ್ ಮಂಕಾಗಿತ್ತು, ಅವಳ ಕಣ್ಣಲ್ಲಿ ನೀರಿತ್ತು. "ಅಮ್ಮ, ನಂಗೆ ಎಲ್ಲಿ ತಪ್ತಾ ಇದೆ ಅಂತಾನೇ ಗೊತ್ತಾಗ್ತಿಲ್ಲ. ನಂಗೆ ಇಂಟಿಗ್ರೇಷನ್ ಅರ್ಥವೇ ಆಗಿಲ್ಲ" ಅಂದಳು. ನಾನೂ ಪಿಯುಸಿ ಸೈನ್ಸ್ ಓದಿದವಳು. ಆದರೆ 25 ವರ್ಷದ ಹಿಂದಿನ ಮಾತು. ಅವಳು ಬರೆದ ಸಾಲುಗಳನ್ನು ಒಂದೊಂದಾಗಿ ನೋಡಿದೆ, ಎಲ್ಲವೂ ಸರಿಯಾಗೇ ಕಾಣುತ್ತಿತ್ತು. ಅಚ್ಚಾದ ಪುಸ್ತಕ ತಪ್ಪಿರಬಹುದು ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಮರುದಿನ ಕಾಲೇಜಿನ ಮೇಷ್ಟ್ರು ಅರ್ಧ ನಿಮಿಷ ನೋಡಿ "ನಿಂದೇ ಸರಿ ಕಣಮ್ಮ" ಅಂದರಂತೆ. ಸರಿ. ಆದರೆ ಆ ಒಂದು ರಾತ್ರಿ ಅವಳಿಗೆ ತನ್ನ ಮೇಲಿದ್ದ ನಂಬಿಕೆ ಅಲ್ಲಾಡಿತಲ್ಲ, ಅದು ಮತ್ತೆ ಗಟ್ಟಿಯಾಗಲು ತಿಂಗಳೇ ಹಿಡಿಯಿತು. ಪೇಟೆಯ ಮಕ್ಕಳಾದರೆ ಪಕ್ಕದ ಮನೆಯಲ್ಲಿ ಕೇಳುತ್ತಾರೆ, ಫೋನಲ್ಲಿ ಹುಡುಕುತ್ತಾರೆ. ನಮ್ಮಂಥ ಒಂಟಿಮನೆಯ ಮಕ್ಕಳಿಗೆ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಉತ್ತರ ತಪ್ಪಿರುವ ಗೈಡಿಗಿಂತ ಉತ್ತರವೇ ಇಲ್ಲದ ಗೈಡು ಎಷ್ಟೋ ಮೇಲು ಅಂತ ನಾನು ಹೇಳುವುದು ಇದಕ್ಕೇ.

ಗೈಡಿನ ಹಿಂದೆ ಒಂದು ನಂಬರ್ ಇತ್ತು. ಗುಡ್ಡ ಹತ್ತಿ ವಾಟ್ಸಾಪ್‌ನಲ್ಲಿ ಆ ಪುಟದ ಫೋಟೋ ಕಳಿಸಿದೆ. ಜೊತೆಗೆ ಅಷ್ಟರಲ್ಲಿ ಸಿಕ್ಕಿದ್ದ ಇನ್ನೆರಡು ತಪ್ಪುಗಳನ್ನೂ ಕಳಿಸಿದೆ. "ಧನ್ಯವಾದ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆ" ಅಂತ ಉತ್ತರ ಬಂತು. ಎರಡು ವರ್ಷ ಬಿಟ್ಟು ಮುಂದಿನ ಆವೃತ್ತಿ ತಂದರೆ ಮೂರೂ ಹಾಗೇ ಇವೆ. ಬೆಲೆ ಮಾತ್ರ 70 ರೂಪಾಯಿ ಏರಿದೆ.

ಹಾಗಿದ್ದ ಮೇಲೆ ಎರಡನೇ ಸಲ ಯಾಕೆ ಕೊಂಡಿರಿ ಅಂತ ಕೇಳಬಹುದು. ಮಗನಿಗೆ ಅಕ್ಕನ ಗೈಡನ್ನೇ ಕೊಡೋಣ ಅಂತಿದ್ದೆವು. ಆದರೆ ಮಗಳ ಕಾಲದಲ್ಲಿ ಗಣಿತಕ್ಕೆ ಪೂರ್ತಿ 100 ಅಂಕದ ಪರೀಕ್ಷೆ. 2023-24ರಿಂದ 80 ಅಂಕದ ಪತ್ರಿಕೆ, 20 ಅಂಕ ಇಂಟರ್ನಲ್. ಪತ್ರಿಕೆಯ ರೂಪ ಬದಲಾದ ಮೇಲೆ ಹಳೆಯದರಲ್ಲಿ ಸಮಯ ಹಿಡಿದು ಬರೆಯುವ ಅಭ್ಯಾಸ ಆಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಈ ಗೈಡಿನಲ್ಲಿ ಪ್ರಶ್ನೆಗಳನ್ನು ಜೋಡಿಸಿರುವ ರೀತಿ ನಿಜಕ್ಕೂ ಚೆನ್ನಾಗಿದೆ. 13 ಪಾಠಕ್ಕೂ ಬೇರೆ ಬೇರೆ, ಪ್ರತಿ ಪಾಠದೊಳಗೆ 1 ಅಂಕದ್ದು, 2ರದ್ದು, 3ರದ್ದು, 5ರದ್ದು ಬೇರೆ ಬೇರೆ. ಸುಲಭದಿಂದ ಕಷ್ಟಕ್ಕೆ ಹೋಗುತ್ತದೆ. ಬೇರೆ ಎರಡು ಗೈಡು ತಿರುವಿ ನೋಡಿದೆ, ಅವುಗಳಲ್ಲಿ ಎಲ್ಲ ಕಲಸುಮೇಲೋಗರ.

ಕಾಗದದ್ದು ಇನ್ನೊಂದು ಗೋಳು. ನ್ಯೂಸ್‌ಪ್ರಿಂಟ್‌ನಂಥ ಕಾಗದ, ಗೋಂದಿನ ಬೈಂಡಿಂಗ್. ನಮ್ಮ ಜುಲೈ ತಿಂಗಳ ತಂಡಿಗೆ ಅದು ತಡೆಯುವುದಿಲ್ಲ. ಪುಟಗಳು ಒದ್ದೆ ಹಪ್ಪಳದ ಹಾಗೆ ಮೆತ್ತಗಾಗುತ್ತವೆ, ಪೆನ್ನಿಟ್ಟರೆ ಶಾಯಿ ಹರಡುತ್ತದೆ, ಬೂಷ್ಟಿನ ವಾಸನೆ. ದಿನಾ ಸಂಜೆ ಮಗ ಸ್ನಾನಕ್ಕೆ ಹೋಗುವಾಗ ಗೈಡನ್ನೂ ನೋಟ್ ಪುಸ್ತಕವನ್ನೂ ಬಚ್ಚಲೊಲೆಯ ಪಕ್ಕದ ಕಟ್ಟೆ ಮೇಲೆ ಬಿಡಿಸಿ ಇಡುತ್ತಿದ್ದ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಪುಟಗಳು ಗರಿಗರಿ. ಬಿಸಿ ಬಿಸಿ ಪುಸ್ತಕವನ್ನು ಟವೆಲಿನಲ್ಲಿ ಹಿಡಿದು ಜಗಲಿಗೆ ತಂದು, ಅದು ತಣ್ಣಗಾಗಿ ಮತ್ತೆ ಮೆತ್ತಗಾಗುವುದರೊಳಗೆ ಐದು ಲೆಕ್ಕ ಮಾಡಬೇಕು ಅಂತ ಅವನೇ ಒಂದು ನಿಯಮ ಮಾಡಿಕೊಂಡಿದ್ದ. ಇವತ್ತಿಗೂ ಆ ಗೈಡು ಬಿಡಿಸಿದರೆ ಹೊಗೆ ವಾಸನೆ ಬರುತ್ತದೆ. ನನಗೆ ಅದು ಇಷ್ಟ.

ಆಗಸ್ಟ್ ಮುಗಿಯುವಷ್ಟರಲ್ಲಿ ಬೈಂಡಿಂಗ್ ಬಿಟ್ಟುಹೋಯಿತು. ಅಡಿಕೆ ಚೀಲ ಹೊಲಿಯುವ ದಬ್ಬಳ ತಗೊಂಡು, ಹುರಿ ಹಾಕಿ, ಬೆನ್ನಿಗೆ ಐದು ಕಡೆ ಹೊಲಿಗೆ ಹಾಕಿದೆ. ಕೈಯಲ್ಲಿ ದಬ್ಬಳ ಇದ್ದಾಗಲೇ ಯೋಚನೆ ಬಂದಿದ್ದು. ಕೊನೆಯ ಉತ್ತರದ ಪುಟಗಳನ್ನೆಲ್ಲ ಒಟ್ಟು ಹಿಡಿದು ಹೊರಗಿನ ಅಂಚಿಗೂ ಎರಡು ಹೊಲಿಗೆ ಹಾಕಿಬಿಟ್ಟೆ. "ಅಮ್ಮ, ಉತ್ತರ ಹೇಗ್ ನೋಡ್ಲಿ?" ಅಂದ. "ನೋಡ್ಬೇಡ. ನಿನ್ನ ಉತ್ತರ ಸರಿ ಇದ್ಯಾ ಅಂತ ನೀನೇ ಪರೀಕ್ಷೆ ಮಾಡು. ನಿಮ್ಮ ಮೇಷ್ಟ್ರನ್ನ ಹೇಗೆ ಅಂತ ಕೇಳು" ಅಂದೆ.

ಮೇಷ್ಟ್ರು ಬಹಳ ಚೆನ್ನಾಗಿ ಹೇಳಿಕೊಟ್ಟರು. ಸಾಮಾನ್ಯ ಇಂಟಿಗ್ರಲ್ ಆದರೆ ಬಂದ ಉತ್ತರವನ್ನು ಡಿಫರೆನ್ಷಿಯೇಟ್ ಮಾಡು, ಮೊದಲಿನದು ವಾಪಸ್ ಬರಬೇಕು. ಮ್ಯಾಟ್ರಿಕ್ಸ್ ಇನ್ವರ್ಸ್ ಆದರೆ ಮೂಲದ ಜೊತೆ ಗುಣಿಸು, ಐಡೆಂಟಿಟಿ ಬರಬೇಕು. ಮೂರು ಸಮೀಕರಣ ಬಿಡಿಸಿದರೆ ಎಕ್ಸ್, ವೈ, ಝಡ್ ಬೆಲೆಗಳನ್ನು ಮೂರರಲ್ಲೂ ಹಾಕಿ ನೋಡು. ಡಿಫರೆನ್ಷಿಯಲ್ ಈಕ್ವೇಷನ್ ಆದರೂ ಅಷ್ಟೇ, ಉತ್ತರವನ್ನು ಅದರೊಳಗೇ ಹಾಕು. ಒಂದೊಂದಕ್ಕೆ ಎರಡು ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಮಗ ಡಿಸೆಂಬರ್ ಹೊತ್ತಿಗೆ ಉತ್ತರ ಕೇಳುವುದನ್ನೇ ಬಿಟ್ಟ. ಲೆಕ್ಕದ ಕೆಳಗೆ ಪೆನ್ಸಿಲ್‌ನಲ್ಲಿ ತಾಳೆ ನೋಡಿ ಒಂದು ಗೆರೆ ಎಳೆಯುತ್ತಿದ್ದ, ಮುಂದಕ್ಕೆ ಹೋಗುತ್ತಿದ್ದ. ಅಕ್ಕ ಅತ್ತ ಅದೇ ಲೆಕ್ಕವನ್ನು ಇವನು ಒಂದೇ ಸಲಕ್ಕೆ ಮಾಡಿ, ಪೈ ಬೈ ಫೋರ್ ಅಂತ ಬರೆದು, ಸುತ್ತ ಚೌಕ ಹಾಕಿದ್ದನ್ನು ನಾನು ನೋಡಿದೆ.

ನವೆಂಬರ್‌ನಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾದ ಮೇಲೆ ಮನೆಯಲ್ಲಿ ಓದುವ ಜಾಗವೇ ಇರುವುದಿಲ್ಲ. ಜಗಲಿ ತುಂಬ ಅಡಿಕೆ. ಸಂಜೆ ನಾವೆಲ್ಲ ಮೆಟ್ಟುಗತ್ತಿ ಮುಂದೆ ಸುಲಿಯುತ್ತ ಕೂತರೆ ಮಗ ನಡುವೆ ಕೂತು 1 ಅಂಕದ ಪ್ರಶ್ನೆಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಪಾರ್ಟ್ ಎ ಯಲ್ಲಿ 15 ಆಯ್ಕೆಯ ಪ್ರಶ್ನೆ, 5 ಬಿಟ್ಟ ಸ್ಥಳ, ಒಟ್ಟು 20 ಅಂಕ. ಬಾಯಲ್ಲೇ ಮಾಡಬಹುದಾದದ್ದು ತುಂಬ ಇರುತ್ತದೆ. ಸುಲಿಯಲು ಬರುತ್ತಿದ್ದ ಒಬ್ಬ ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರು ಕೈ ನಿಲ್ಲಿಸದೆ "ಎ ನೋ ಬಿ ನೋ ಸರಿಯಾಗ್ ಹೇಳು ಮಾರಾಯ. ಅನುಮಾನ ಇದ್ರೆ ಎದ್ದು ಹೋಗಿ ಬರ್ದು ನೋಡು" ಅಂತ ಗದರುತ್ತಿದ್ದರು. ಅವನು ಎದ್ದು ಹೋಗಿ ಬರೆದು ನೋಡುತ್ತಿದ್ದ.

ಒಂದು ಸಂಜೆ ಸೈನ್ ಇನ್ವರ್ಸ್ ಆಫ್ ಸೈನ್ ಟೂ ಪೈ ಬೈ ಥ್ರೀ ಬಂತು. ಟೂ ಪೈ ಬೈ ಥ್ರೀ ಅಂತ ಬಾಯಿಗೆ ಬಂದೇ ಬಿಡುತ್ತದೆ. ಗೈಡಿನಲ್ಲೂ ಅದನ್ನೇ ಕೊಟ್ಟಿದ್ದಾರೆ. ಆದರೆ ಸೈನ್ ಇನ್ವರ್ಸ್‌ನ ಉತ್ತರ ಮೈನಸ್ ಪೈ ಬೈ ಟೂ ಮತ್ತು ಪೈ ಬೈ ಟೂ ನಡುವೆ ಇರಬೇಕು. ಟೂ ಪೈ ಬೈ ಥ್ರೀ ಆ ಗಡಿ ದಾಟುತ್ತದೆ. ಸರಿ ಉತ್ತರ ಪೈ ಬೈ ಥ್ರೀ. ಮಗ ಬರೆದು ನೋಡಿ ಬಂದು ಇದನ್ನು ನಮಗೆಲ್ಲ ವಿವರಿಸಿದ. ಆವತ್ತು ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಜನವರಿಯಿಂದ ಪ್ರತಿ ಭಾನುವಾರ 3 ಗಂಟೆಯ ಪತ್ರಿಕೆ. ಗೈಡಿನ ಕೊನೆಯಲ್ಲಿ ಕೊಟ್ಟ ಮಾದರಿ ಪತ್ರಿಕೆಗಳು ಸುಮಾರಾಗಿವೆ. ಅದಕ್ಕಿಂತ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವೆಬ್‌ಸೈಟಿನಲ್ಲಿ ಸಿಗುವ ಮಾದರಿ ಪತ್ರಿಕೆಗಳೇ ವಾಸಿ. ಅವಕ್ಕೆ ದುಡ್ಡು ಕೊಡಬೇಕಿಲ್ಲ. ತೀರ್ಥಹಳ್ಳಿಯಲ್ಲಿ ಪ್ರಿಂಟ್ ಹಾಕಿಸಿದ್ದಕ್ಕೆ ಮಾತ್ರ ಖರ್ಚು. ಹಂತ ಹಂತಕ್ಕೆ ಅಂಕ ಕೊಡುತ್ತಾರೆ, ಹಾಗಾಗಿ ಕೊನೆಯ ಉತ್ತರ ತಪ್ಪಿದರೂ 5 ಅಂಕದ ಲೆಕ್ಕದಲ್ಲಿ ಎಲ್ಲವೂ ಹೋಗುವುದಿಲ್ಲ. ಈ ಗೈಡಿನ ಎರಡನೇ ದೊಡ್ಡ ಕೊರತೆ ಇದೇ: ಹಂತಗಳೇ ಇಲ್ಲ, ಬರೀ ಕೊನೆಯ ಉತ್ತರ. ಲೀನಿಯರ್ ಪ್ರೋಗ್ರಾಮಿಂಗ್‌ನ ಗ್ರಾಫುಗಳನ್ನಂತೂ ಅಂಚೆಚೀಟಿಯಷ್ಟು ಸಣ್ಣದಾಗಿ ಹಾಕಿದ್ದಾರೆ. ಎರಡು ಗೆರೆ ಎಲ್ಲಿ ಸೇರುತ್ತವೆ ಅನ್ನುವುದೇ ಕಾಣದು.

ಫಲಿತಾಂಶ ಕೇಳುವವರಿಗೆ: ಮಗಳಿಗೆ 100ಕ್ಕೆ 78, ಮಗನಿಗೆ 80ಕ್ಕೆ 69. ಅಂಕ ಅವರದ್ದು, ಗೈಡಿನದ್ದಲ್ಲ.

ಕೊಳ್ಳಬೇಕಾ ಬೇಡವಾ? ಪ್ರಶ್ನೆಗಳಿಗಾಗಿ ಕೊಳ್ಳಬಹುದು. ಆದರೆ ಅಂಗಡಿಯಲ್ಲೇ ನಿಂತು ಮೂರು ಉತ್ತರ ನೋಡಿ. ಯಾವ ಗೈಡಾದರೂ ಸರಿ, ಈ ಮೂರೂ ಸಾಮಾನ್ಯವಾಗಿ ಇರುತ್ತವೆ. ಒಂದು, ಮೇಲೆ ಹೇಳಿದ ರೂಟ್ ಸೈನ್ ಎಕ್ಸ್ ಇಂಟಿಗ್ರಲ್. ಎರಡು, ಸೈನ್ ಇನ್ವರ್ಸ್ ಆಫ್ ಸೈನ್ ಟೂ ಪೈ ಬೈ ಥ್ರೀ. ಮೂರು, ಮೊದಲ ಸಾಲು 3, 1, ಎರಡನೇ ಸಾಲು ಮೈನಸ್ 1, 2 ಇರುವ ಮ್ಯಾಟ್ರಿಕ್ಸ್‌ನ ಇನ್ವರ್ಸ್. ಸರಿ ಉತ್ತರದಲ್ಲಿ ಹೊರಗೆ ಏಳನೇ ಒಂದು, ಒಳಗೆ ಮೊದಲ ಸಾಲು 2, ಮೈನಸ್ 1, ಎರಡನೇ ಸಾಲು 1, 3. ನಮ್ಮ ಗೈಡಿನಲ್ಲಿ ಮೈನಸ್ ಕೆಳಗಿನ ಸಾಲಿಗೆ ಹೋಗಿದೆ. ಮೂರರಲ್ಲಿ ಎರಡು ತಪ್ಪಿದ್ದು, ಪ್ರಶ್ನೆಗಳ ಜೋಡಣೆಯೂ ಚೆನ್ನಾಗಿಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಮೊನ್ನೆ ಕೆಳಗಿನ ಮನೆಯ ಹುಡುಗಿ ಬಂದು ಗೈಡು ಕೇಳಿದಳು. ಈ ವರ್ಷ ಅವಳದ್ದು ಸೆಕೆಂಡ್ ಪಿಯುಸಿ. ಕೊಡುವ ಮೊದಲು ಮಗನೂ ನಾನೂ ಒಂದು ಮಧ್ಯಾಹ್ನ ಕೂತು, ಹೊಲಿಗೆ ಬಿಚ್ಚಿ, ನಮಗೆ ಸಿಕ್ಕ 11 ತಪ್ಪುಗಳನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿದೆವು. ಮೊದಲ ಪುಟದಲ್ಲಿ ಪಟ್ಟಿ ಬರೆದೆವು. ಆಮೇಲೆ ನಾನು ದಬ್ಬಳ ತಗೊಂಡು ಮತ್ತೆ ಹೊಲಿದೆ. ಹುರಿಯ ತುದಿಗೆ ಈ ಸಲ ಜಾರುಗಂಟು ಹಾಕಿದ್ದೇನೆ, ಅವಳಿಗೆ ತೀರಾ ಬೇಕಾದರೆ ಎಳೆದು ಬಿಚ್ಚಿಕೊಳ್ಳಲಿ ಅಂತ.