ಬದುವೋ, ಕೃಷಿ ಹೊಂಡವೋ? ಎರಡನ್ನೂ ಮಾಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬದುವಿಗೆ. ಚಿತ್ರದುರ್ಗದ ಕಡೆ ನಮ್ಮದು ಮೂರೂವರೆ ಎಕರೆ ಕೆಂಪು ಮಣ್ಣು. ಬೋರ್‌ವೆಲ್ ಇಲ್ಲ. ಶೇಂಗಾ, ರಾಗಿ, ಅಂಚಿಗೆ ಒಂದಿಷ್ಟು ತೊಗರಿ. ಮಣ್ಣು, ನೀರು ಉಳಿಸೋಕೆ ಸರ್ಕಾರ ಕೊಡುವ ನೆರವಿನಲ್ಲಿ ಈ ಎರಡನ್ನೂ ಇದೇ ಹೊಲದಲ್ಲಿ ಮಾಡಿಸಿ ನೋಡಿದ್ದೇನೆ.

ಬದು ಹಾಕಿದ್ದು 2022ರ ಬೇಸಿಗೆಯಲ್ಲಿ, ಉದ್ಯೋಗ ಖಾತ್ರಿಯಲ್ಲಿ. ಆಗ ಕೂಲಿ ದಿನಕ್ಕೆ 309 ರೂಪಾಯಿ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ ನಮ್ಮ ಹೊಲದಲ್ಲೇ ಅಗೆದೆವು, ಕೂಲಿ ನಮ್ಮ ಖಾತೆಗೇ ಬಂತು. ಕೈಯಿಂದ ಒಂದು ರೂಪಾಯಿ ಹಾಕಲಿಲ್ಲ. ಇಳಿಜಾರಿಗೆ ಅಡ್ಡ ಕಾಲುವೆ ತೋಡಿ, ಆ ಮಣ್ಣನ್ನೇ ಕೆಳಬದಿಗೆ ಏರಿ ಹಾಕೋದು, ಅಷ್ಟೇ ಕೆಲಸ. ಮುಂಚೆ ಜೋರು ಮಳೆ ಬಂದರೆ ಹೊಲದ ಕೆಂಪು ನೀರೆಲ್ಲ ಹಳ್ಳಕ್ಕೆ ಹೋಗುತ್ತಿತ್ತು. ಆ ವರ್ಷ ಕಾಲುವೆಯಲ್ಲಿ ನಿಂತಿತು. ನೀರು ಇಂಗಿದ ಮೇಲೆ ಇಳಿದು ನೋಡಿದರೆ ತಳದಲ್ಲಿ ಎರಡು ಬೆರಳು ಗೋಡು, ಬೆಣ್ಣೆಯ ಹಾಗೆ ನುಣುಪು. ಅಪ್ಪ ಅದನ್ನು ಪುಟ್ಟಿಗೆ ತುಂಬಿ ತುಂಬಿ ಮತ್ತೆ ಹೊಲಕ್ಕೇ ಎರಚಿದರು.

ಪ್ರತಿ ವರ್ಷ ಬದು ರಿಪೇರಿ ಮಾಡಬೇಕು, ಸ್ವಲ್ಪ ಜಾಗವೂ ಹೋಗುತ್ತೆ. ಅದು ಬಿಟ್ಟರೆ ತಕರಾರಿಲ್ಲ.

ಮಳೆ ನೀರು ತುಂಬಿಟ್ಟುಕೊಳ್ಳುವ ಹೊಂಡದ ಆಸೆ ಹುಟ್ಟಿದ್ದು 2023ರ ಬರದಲ್ಲಿ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಮಳೆಯೇ ಬರದಿದ್ದರೆ ಬದು ಏನು ಮಾಡೀತು? 2014ರಲ್ಲಿ ಶುರುವಾಗಿ ನಡುವೆ ನಿಂತಿದ್ದ, ಹೊಂಡಕ್ಕೆ ಸಬ್ಸಿಡಿ ಕೊಡುವ ರಾಜ್ಯದ ಕೃಷಿ ಭಾಗ್ಯ ಯೋಜನೆ ಅಷ್ಟರಲ್ಲಿ ಮತ್ತೆ ಬಂದಿತ್ತು. ಸಾಮಾನ್ಯ ವರ್ಗಕ್ಕೆ 80, ಪರಿಶಿಷ್ಟರಿಗೆ 90 ಪರ್ಸೆಂಟ್ ಸಬ್ಸಿಡಿ ಅಂದರು. ಅರ್ಜಿ ಹಾಕೋಣ ಅಂತ ಹೊರಟೆ.

ಅಲ್ಲೇ ಸಿಕ್ಕಿಕೊಂಡಿದ್ದು. ಬದು ಹಾಕಿದಾಗ ಅಪ್ಪ ಇದ್ದರು. ಆಮೇಲೆ ತೀರಿಕೊಂಡರು, ಜಮೀನಿನ ದಾಖಲೆಯಾದ ಪಹಣಿ ಮಾತ್ರ ಅವರ ಹೆಸರಲ್ಲೇ ಉಳಿದಿತ್ತು. ಪಹಣಿಯಲ್ಲಿ ಹೆಸರಿಲ್ಲದೆ ನನಗೆ ರೈತರ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಆಗಲ್ಲ, ಎಫ್‌ಐಡಿ ಇಲ್ಲದೆ ಅರ್ಜಿ ಇಲ್ಲ. ಸರಿ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಓಡಾಟ ಶುರುವಾಯಿತು. ಮರಣ ಪತ್ರ, ವಂಶವೃಕ್ಷ, ಎಲ್ಲರ ಆಧಾರ್. ಪಹಣಿಯಲ್ಲಿ ಅಪ್ಪನ ಹೆಸರಾದ ಮೇಲೆ ‘ಬಿನ್’ (ಇಂಥವರ ಮಗ) ಅಂತ ತಾತನ ಹೆಸರಿತ್ತು, ಮರಣ ಪತ್ರದಲ್ಲಿ ಅಪ್ಪನ ಹೆಸರಿಗೆ ಮನೆತನದ ಹೆಸರು ಸೇರಿತ್ತು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು.

ಖಾತೆ ಆದಾಗ ಅವ್ವ, ನಾನು, ತಮ್ಮ, ಅಕ್ಕ ನಾಲ್ಕು ಜನರ ಹೆಸರು ಬಂತು. ಈಗ ಜಂಟಿ ಖಾತೆ, ಉಳಿದ ಮೂವರ ಒಪ್ಪಿಗೆ ಪತ್ರ ಬೇಕು. ತಮ್ಮ ಇರೋದು ಬೆಂಗಳೂರಲ್ಲಿ, ಒಂದು ಸಹಿಗಾಗಿ ರಜೆ ಹಾಕಿ ಬಂದ. ಅಕ್ಕ ದಾವಣಗೆರೆಯಿಂದ ಬಂದವಳು ಪೇಪರ್ ಓದಿ, ‘ನನ್ನ ಭಾಗ ಹೋಗಲ್ಲ ತಾನೆ?’ ಅಂತ ಕೇಳಿದಳು. ಅವಳು ಕೇಳಿದ್ದು ಸರಿಯೇ. ಕೂತು ಬಿಡಿಸಿ ಹೇಳಿದೆ, ಸಹಿ ಹಾಕಿದಳು. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು.

ಹೊಂಡ 12 ಮೀಟರ್ ಉದ್ದ, 12 ಅಗಲ, 3 ಆಳ. ಜೆಸಿಬಿ ಬಾಡಿಗೆ, ತಳಕ್ಕೆ ಹಾಸುವ ಪಾಲಿಥೀನ್, ಎಲ್ಲ ಮೊದಲು ನಾವೇ ಹಾಕಿದೆವು. ಜಿಪಿಎಸ್ ಫೋಟೊ ಆಗಿ, ಇಲಾಖೆಯವರು ಬಂದು ನೋಡಿದ ಮೇಲೆ ಸಬ್ಸಿಡಿ. ಹೆಂಡತಿ ಸಂಘದಲ್ಲಿ ಸಾಲ ತೆಗೆದಿದ್ದಳು, ವಾರವಾರ ಕಂತು ಕಟ್ಟುವಾಗ ಅದರ ಬಿಸಿ ಗೊತ್ತಾಯಿತು. ಕೆಂಪು ಮಣ್ಣಿಗೆ ಪಾಲಿಥೀನ್ ಇಲ್ಲದೆ ಆಗಲ್ಲ, ನೀರು ಇಂಗಿಹೋಗುತ್ತೆ. ಸುತ್ತ ಬೇಲಿಯನ್ನೂ ಬಿಡಬೇಡಿ, ಪಾಲಿಥೀನ್ ಮೇಲೆ ಜಾರಿದರೆ ಮೇಲೆ ಹತ್ತೋಕೆ ಆಗಲ್ಲ.

ಹೊಂಡದಿಂದ ಲಾಭ ಇಲ್ಲ ಅಂತಲ್ಲ. ಮೊದಲ ವರ್ಷವೇ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮೂರು ವಾರ ಮಳೆ ಕೈಕೊಟ್ಟಿತು. ಡೀಸೆಲ್ ಎಂಜಿನ್ ಇಟ್ಟು ಒಂದು ಎಕರೆಗೆ ಒಂದು ಸಲ ನೀರು ಕೊಟ್ಟೆ, ಅಷ್ಟು ಬೆಳೆ ಉಳಿಯಿತು. ಉಳಿದ ಎರಡೂವರೆ ಎಕರೆಯನ್ನು ಕಾಪಾಡಿದ್ದು ಬದುವಿನಲ್ಲಿ ಇಂಗಿದ್ದ ತೇವವೇ.

ಹನಿ ನೀರಾವರಿ ಸಬ್ಸಿಡಿ ಬಗ್ಗೆಯೂ ಕೇಳುತ್ತಾರೆ. ಅದು ಅಡಿಕೆ, ದಾಳಿಂಬೆ ಇಟ್ಟವರಿಗೆ ಸರಿ, ನಾನು ಹಾಕಿಸಿಲ್ಲ.

ಜಮೀನಿನ ಖಾತೆ ನಿಮ್ಮೊಬ್ಬರ ಹೆಸರಲ್ಲೇ ಇದ್ದು, ಸಬ್ಸಿಡಿ ಬರುವ ತನಕ ತಡೆದುಕೊಳ್ಳುವಷ್ಟು ದುಡ್ಡಿದ್ದರೆ ಹೊಂಡ ತೆಗೆಸಿ. ಮನೆಯಲ್ಲಿ ದುಡಿಯುವ ಕೈ ಜಾಸ್ತಿ, ಕಾಸು ಕಮ್ಮಿ ಅಂದರೆ ಬದುವೇ ಮೊದಲು. ಯಾವುದಕ್ಕೂ ಇವತ್ತೇ ಪಹಣಿ ತೆಗೆಸಿ, ಯಾರ ಹೆಸರಲ್ಲಿದೆ ನೋಡಿಕೊಳ್ಳಿ.