ಉಡುಪಿಯ ಮಹಡಿ ಮೇಲಿನ ಕ್ಯಾಮೆರಾ ರಿಪೇರಿ ಅಂಗಡಿ: ಪುರುಸೊತ್ತು ಇದ್ದರೆ ಧಾರಾಳ ಹೋಗಿ

ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗುವಷ್ಟು ಹತ್ತಿರ, ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಈ ಅಂಗಡಿ ಇದೆ. ಬೋರ್ಡಿನಲ್ಲಿ ಹೆಸರಿಲ್ಲ. ‘ಕ್ಯಾಮೆರಾ, ಫ್ಲ್ಯಾಶ್, ಪ್ರೊಜೆಕ್ಟರ್ ರಿಪೇರಿ’ ಅಂತ ಮಾತ್ರ ಬರೆದಿದೆ. ಕೆಳಗೆ ಚಪ್ಪಲಿ ಅಂಗಡಿ, ಅದರ ಪಕ್ಕದಿಂದ ಕಡಿದಾದ ಮೆಟ್ಟಿಲು. ಒಳಗೆ ಒಬ್ಬರೇ ಕೂತಿರುತ್ತಾರೆ. ಅರವತ್ತರ ಆಚೆಯ ಪ್ರಾಯ, ಹಣೆಗೆ ಏರಿಸಿದ ಭೂತಕನ್ನಡಿ. ಫಿಲ್ಮ್ ಕಾಲದಿಂದಲೂ ಇದೇ ಕೆಲಸವಂತೆ. ಅಂಕ ಕೊಡಲೇಬೇಕು ಅಂದರೆ ಐದಕ್ಕೆ ನಾಲ್ಕು. ಕಡಿಮೆಯಾದ ಒಂದು ಅಂಕದ ಕಥೆ ಆಮೇಲೆ ಹೇಳುತ್ತೇನೆ.

ನನ್ನದು ಕುಂದಾಪುರದ ಕಡೆ. ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಯಕ್ಷಗಾನ ಆಟದ ಫೋಟೋ ತೆಗೆಯುವ ಹುಚ್ಚು. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ತಗೊಂಡ ಡಿಎಸ್ಎಲ್ಆರ್. ಕಂಪನಿ ಹೆಸರು ಬೇಡ, ಈ ತೊಂದರೆ ಯಾವ ಕಂಪನಿಯದಕ್ಕೂ ಬರಬಹುದು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟಿದ್ದವು. ಒಂದು ಹರಕೆ ಆಟದಲ್ಲಿ ಬೆಳಗಿನವರೆಗೆ ಸರಿಯಾಗಿಯೇ ಇದ್ದ ಕ್ಯಾಮೆರಾ ಮರುದಿನ ಸ್ವಿಚ್ ಹಾಕಿದರೆ ಸುಮ್ಮನಿದೆ. ಪರದೆ ಕಪ್ಪು, ದೀಪ ಇಲ್ಲ, ಎರರ್ ಇಲ್ಲ. ಬ್ಯಾಟರಿ ಚಾರ್ಜ್ ಮಾಡಿದೆ, ಪರಿಚಯದವರ ಬ್ಯಾಟರಿ ತಂದು ಹಾಕಿದೆ, ಕಾರ್ಡ್ ತೆಗೆದೆ, ಲೆನ್ಸ್ ತೆಗೆದೆ. ಏನೂ ಪ್ರಯೋಜನ ಆಗಲಿಲ್ಲ.

ಮೊದಲು ಹೋದದ್ದು ಬೇರೆ ಊರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ. ಎಸಿ ಕೋಣೆ, ಟೋಕನ್ನು, ಎಲ್ಲ ಚಂದ. ಕ್ಯಾಮೆರಾ ಒಳಗೆ ಹೋಯಿತು, ಹೊರಗೆ ಒಂದು ಎಸ್ಟಿಮೇಟ್ ಬಂತು. ‘ಮೇನ್ ಬೋರ್ಡ್ ಬದಲಾಯಿಸಬೇಕು, 11,800 ರೂಪಾಯಿ.’ ಅದೇ ಮಾಡೆಲ್ಲು ಲೆನ್ಸ್ ಸಮೇತ ಹಳೇದು ಹೆಚ್ಚುಕಡಿಮೆ ಅಷ್ಟಕ್ಕೇ ಸಿಗುತ್ತದೆ. ನನಗೆ ಅವರ ಮೇಲೆ ಸಿಟ್ಟೇನೂ ಇಲ್ಲ. ಅಲ್ಲಿ ಪೂರ್ತಿ ಬೋರ್ಡನ್ನೇ ಬದಲಿಸುವುದು ಕ್ರಮ. ಆ ಬೋರ್ಡಿನ ಮೇಲಿನ ಹತ್ತು ರೂಪಾಯಿಯ ಸಾಮಾನು ಹಾಳಾಗಿದ್ದರೂ ಅಷ್ಟೇ. ಆದರೆ ‘ಬೋರ್ಡ್ ಹೋಗಿದೆ ಅಂತ ಹೇಗೆ ಗೊತ್ತಾಯ್ತು?’ ಅಂತ ಕೇಳಿದ್ದಕ್ಕೆ ಕೌಂಟರಿನ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನಾನು ಕ್ಯಾಮೆರಾ ವಾಪಸ್ ತಂದದ್ದು ಅದಕ್ಕೇ.

ಉಡುಪಿಯ ಅಂಗಡಿ ಹೇಳಿದ್ದು ಒಬ್ಬ ಮದುವೆ ಫೋಟೋಗ್ರಾಫರು. ‘ಮಾತು ಜಾಸ್ತಿ, ಕೈ ಒಳ್ಳೇದು’ ಅಂತ ಮೊದಲೇ ಎಚ್ಚರಿಸಿದ್ದರು.

ನಾನು ಮೇಜಿನ ಮೇಲೆ ಕ್ಯಾಮೆರಾ ಇಟ್ಟೆ. ಅವರು ಮುಟ್ಟಲೇ ಇಲ್ಲ.

‘ಎಂತ ಆಯ್ತು ಮಾರಾಯ್ರೆ? ಬಿದ್ದದ್ದಾ?’

‘ಇಲ್ಲ.’

‘ನೀರು?’

‘ಇಲ್ಲ.’

‘ಮತ್ತೆಂತ ತೆಗೀತೀರಿ ಇದ್ರಲ್ಲಿ?’

ಆಟದ ಫೋಟೋ ಅಂದೆ. ಯಾವ ಮೇಳ, ಬಯಲಲ್ಲಾ ಹಾಲಲ್ಲಾ, ದೊಂದಿ (ಪಂಜು) ಹತ್ತಿರ ನಿಲ್ಲುತ್ತೀರಾ, ರಾಳದ ಹುಡಿ ಹಾರುತ್ತದಲ್ಲ ಅದು ಮೈಮೇಲೆ ಬೀಳುತ್ತದಾ, ಎಲ್ಲ ವಿಚಾರಿಸಿದರು. ಕಡೆಗೆ ಒಂದು ಪ್ರಶ್ನೆ: ‘ನಿಮ್ಮ ಕೈ ಬೆವರ್ತದಾ?’ ಬೆವರುತ್ತದೆ. ಬಯಲಾಟದ ರಾತ್ರಿ ಸೆಕೆಯಲ್ಲಿ ಯಾರ ಕೈ ಬೆವರುವುದಿಲ್ಲ? ಅವರು ಹೂಂ ಅಂದು ಬ್ಯಾಟರಿ ಬಾಗಿಲು ತೆಗೆದರು.

ಮೊದಲು ಮಲ್ಟಿಮೀಟರಿನಲ್ಲಿ ಬ್ಯಾಟರಿ ನೋಡಿದರು. 8.1 ವೋಲ್ಟ್. ಬ್ಯಾಟರಿ ಮೇಲೆ ಬರೆದದ್ದು 7.4, ಇದೇನು ಜಾಸ್ತಿ ಅಂದೆ. ಒಳಗೆ ಎರಡು ಸೆಲ್ ಇದ್ದಾವೆ, ಒಂದೊಂದು ಪೂರ್ತಿ ಚಾರ್ಜ್ ಆದಾಗ 4.2, ಎರಡು ಸೇರಿ 8.4, ಬರೆಯುವುದು ಮಾತ್ರ ಮಧ್ಯದ ಲೆಕ್ಕ ಅಂದರು. ಅಷ್ಟಕ್ಕೇ ಬಿಡಲಿಲ್ಲ. ಒಂದು ಸಣ್ಣ ಬಲ್ಬನ್ನು ಬ್ಯಾಟರಿಗೆ ತಾಗಿಸಿ ಮತ್ತೆ ಮೀಟರ್ ನೋಡಿದರು. ಮುದಿಯಾದ ಬ್ಯಾಟರಿ, ಕಡಿಮೆ ಬೆಲೆಯ ಡೂಪ್ಲಿಕೇಟು, ಇವೆಲ್ಲ ಸುಮ್ನೆ ಇಟ್ಟಾಗ ವೋಲ್ಟೇಜ್ ಚೆನ್ನಾಗಿಯೇ ತೋರಿಸುತ್ತವಂತೆ. ಕೆಲಸ ಕೊಟ್ಟ ಕೂಡಲೇ ಕುಸಿಯುತ್ತವೆ. ನನ್ನದು ಕುಸಿಯಲಿಲ್ಲ.

ಆಮೇಲೆ ನಡೆದದ್ದು ನೋಡಲು ಮಜಾ ಇತ್ತು. ಬ್ಯಾಟರಿ ಬಾಗಿಲಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಒಂದು ಪ್ಲಾಸ್ಟಿಕ್ ಮೊಳೆ ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ಒಳಗಿನ ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಸ್ವಿಚ್ ಒತ್ತಿದರೆ ಮಾತ್ರ ಕ್ಯಾಮೆರಾಕ್ಕೆ ‘ಬಾಗಿಲು ಮುಚ್ಚಿದೆ’ ಅಂತ ತಿಳಿಯುವುದು. ಇಲ್ಲದಿದ್ದರೆ ಬ್ಯಾಟರಿ ತುಂಬಿದ್ದರೂ ಅದು ಆನ್ ಆಗುವುದಿಲ್ಲ. ನಮ್ಮ ರಿಪೇರಿಯವರು ಬಾಗಿಲು ತೆರೆದೇ ಇಟ್ಟು, ಹಲ್ಲುಕಡ್ಡಿಯಿಂದ ಆ ಸ್ವಿಚ್ಚನ್ನು ಒತ್ತಿದರು. ಏನೂ ಇಲ್ಲ. ಸ್ವಲ್ಪ ಓರೆ ಮಾಡಿ ಗಟ್ಟಿಯಾಗಿ ಒತ್ತಿದರು. ಕಾರ್ಡಿನ ಹತ್ತಿರದ ದೀಪ ಒಮ್ಮೆ ಮಿನುಗಿ ಆರಿತು. ಮತ್ತೊಮ್ಮೆ ಒತ್ತಿದರು, ಪರದೆ ಬೆಳಗಿತು, ಮತ್ತೆ ಹೋಯಿತು.

‘ಬೋರ್ಡ್ ಹೋಗ್ಲಿಲ್ಲ. ಇಲ್ಲಿ ಕಿಲುಬು ಹಿಡಿದಿದೆ’ ಅಂದು ಭೂತಕನ್ನಡಿ ನನ್ನ ಕೈಗೆ ಕೊಟ್ಟರು. ಸ್ವಿಚ್ಚಿನ ಕಾಲುಗಳ ಸುತ್ತ ಹಸಿರು ಪುಡಿ ಕಂಡಿತು. ಬ್ಯಾಟರಿ ಬಾಗಿಲು ಇರುವುದು ಹಿಡಿಕೆಯ ಬುಡದಲ್ಲಿ, ಬಲ ಅಂಗೈಯ ನೇರ ಕೆಳಗೆ. ಬೆವರು ಇಳಿದು ಹೋಗುವ ದಾರಿಯೇ ಅದು. ಬೆವರಿನಲ್ಲಿ ಉಪ್ಪು, ಕಡಲ ಗಾಳಿಯಲ್ಲೂ ಉಪ್ಪು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬ್ಯಾಗಿನೊಳಗೆ ಬ್ಯಾಟರಿ ಸಮೇತ ಇಟ್ಟರೆ ಕಿಲುಬಿಗೆ ಇನ್ನೇನು ಬೇಕು? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ನಮ್ಮದು. ‘ಇಲ್ಲಿ ಕ್ಯಾಮೆರಾ ಬಿದ್ದು ಒಡೆಯುವುದಕ್ಕಿಂತ ಕೂತಲ್ಲೇ ಕೊಳೆಯುವುದು ಜಾಸ್ತಿ’ ಅಂತ ಅವರ ಅನುಭವ.

ರಿಪೇರಿಗೆ ಬಂದ ಕ್ಯಾಮೆರಾಗಳಲ್ಲಿ ಅವರು ಮಾಡುವ ವಿಂಗಡಣೆ ನನಗೆ ಇಷ್ಟವಾಯಿತು. ಮಾತಾಡುವ ಕ್ಯಾಮೆರಾ, ಮಾತಾಡದ ಕ್ಯಾಮೆರಾ. ಪರದೆ ಮೇಲೆ ಏನಾದರೂ ಬರೆದು ತೋರಿಸಿದರೆ ಅದು ಮಾತಾಡುವುದು. ಅದನ್ನು ಮೊದಲು ಓದಬೇಕು, ಆಮೇಲೆ ಗಾಬರಿ ಆಗಬೇಕು. ಕ್ಯಾನನ್‌ನಲ್ಲಿ ಎರರ್ 01 ಬಂದರೆ ಲೆನ್ಸಿಗೂ ಬಾಡಿಗೂ ಸಂಪರ್ಕ ಸರಿ ಇಲ್ಲ, ಕಾಂಟ್ಯಾಕ್ಟ್ (ಎರಡೂ ತಾಗುವ ಲೋಹದ ತುದಿ) ಒರೆಸಿ ಅಂತ ಕಂಪನಿಯ ಪುಸ್ತಕದಲ್ಲೇ ಇದೆ. ಎರರ್ 02 ಅಂದರೆ ಕಾರ್ಡಿನ ಕಡೆ ತೊಂದರೆ. ನಿಕಾನ್‌ನಲ್ಲಿ ಎಫ್ ಪಕ್ಕ ಎರಡು ಗೀಟು ಬಂದರೆ ಕ್ಯಾಮೆರಾಕ್ಕೆ ಲೆನ್ಸಿನ ಗುರುತು ಸಿಕ್ಕಿಲ್ಲ. ಲೆನ್ಸ್ ತೆಗೆದಿಟ್ಟು ಆನ್ ಮಾಡಿದಾಗ ಎರರ್ ಹೋದರೆ ಸಂಶಯ ಲೆನ್ಸಿನ ಮೇಲೆ. ಕಾರ್ಡ್ ತೆಗೆದಾಗ ಹೋದರೆ ಕಾರ್ಡಿನ ಮೇಲೆ. ಫೋಟೋ ಉಳಿಯುತ್ತಿಲ್ಲ ಅಂತ ಬರುವವರಲ್ಲಿ ಕೆಲವರ ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಕೆಳಗೆ ಜಾರಿರುತ್ತದಂತೆ. ಅವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಸುಮ್ನೆ ನಗಾಡಿ ಕಳಿಸುತ್ತಾರೆ.

ಮಾತಾಡದ ಕ್ಯಾಮೆರಾ ಆದರೆ ನೋಡುವ ದಾರಿ ಬೇರೆ. ಕರೆಂಟು ಒಳಗೆ ಬರುತ್ತಿದೆಯಾ ಅನ್ನುವುದೇ ಪ್ರಶ್ನೆ. ಬ್ಯಾಟರಿ, ಅದರ ಹಿತ್ತಾಳೆ ಬಣ್ಣದ ಕಾಂಟ್ಯಾಕ್ಟ್‌ಗಳು, ಬಾಗಿಲಿನ ಮೊಳೆ, ಅದರ ಸ್ವಿಚ್ಚು. ಕಾರ್ಡಿನ ಬಾಗಿಲಿಗೂ ಕೆಲವು ಮಾಡೆಲ್‌ಗಳಲ್ಲಿ ಇಂಥದ್ದೇ ಸ್ವಿಚ್ ಇದೆ. ಇದೆಲ್ಲ ಸರಿ ಇದ್ದರೆ ಮಾತ್ರ ಒಳಗಿನ ಫ್ಯೂಸು, ಬೋರ್ಡು. ಬಾಗಿಲಿನ ಮೊಳೆ ಮುರಿದಿದ್ದರೆ ನಮಗೇ ಕಾಣುತ್ತದೆ, ಬಾಗಿಲು ಮಾತ್ರ ಬದಲಾಯಿಸಿದರೆ ಸಾಕು. ಸ್ವಿಚ್ ಕಿಲುಬು ಹಿಡಿದರೆ ಕಾಣುವುದು ಕಷ್ಟ.

ಕಾಂಟ್ಯಾಕ್ಟ್‌ಗಳನ್ನು ರಬ್ಬರಿನಲ್ಲಿ ಉಜ್ಜುವ ಅಭ್ಯಾಸ ನಮ್ಮಲ್ಲಿ ಹಲವರಿಗೆ ಇದೆ, ಅಲ್ವಾ? ಅದಕ್ಕೆ ಅವರ ವಿರೋಧ ಇದೆ. ಚಿನ್ನದ ಲೇಪ ತೆಳು, ಜೊತೆಗೆ ರಬ್ಬರಿನ ಚೂರು ಒಳಗೆ ಬೀಳುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಹಾಕಿ ಒರೆಸಿ ಅನ್ನುತ್ತಾರೆ. ಒಳಗೆ ತೆರೆಯಲು ಹೋಗಬೇಡಿ ಅನ್ನುವುದು ಅವರ ಇನ್ನೊಂದು ಮಾತು, ಅದರಲ್ಲಿ ಗಿರಾಕಿ ಹಿಡಿಯುವ ಆಸೆ ಏನೂ ಇಲ್ಲ. ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಉಳಿದಿರುತ್ತದೆ. ಅವರ ಹೆಬ್ಬೆರಳಿನಲ್ಲಿ ಅದರ ಒಂದು ಕಪ್ಪು ಕಲೆ ಇದೆ, ತೋರಿಸಿದರು.

ನಾನಿದ್ದಾಗಲೇ ಒಬ್ಬಳು ಹುಡುಗಿ ಅಪ್ಪನ ಹಳೇ ಕಿಸೆ ಕ್ಯಾಮೆರಾ ತಂದಳು. 2004ರಲ್ಲಿ ದುಬೈಯಿಂದ ತಂದದ್ದಂತೆ. ಆನ್ ಆಗುತ್ತದೆ, ಆದರೆ ಚಿತ್ರವೆಲ್ಲ ನೇರಳೆ ಬಣ್ಣ, ಗೆರೆ ಗೆರೆ. ಅವರು ನೋಡಿದ ಕೂಡಲೇ ‘ಸಿಸಿಡಿ ಹೋಗಿದೆ ಮಗಾ’ ಅಂದರು. ಸಿಸಿಡಿ ಅಂದರೆ ಒಳಗೆ ಚಿತ್ರ ಹಿಡಿಯುವ ಸೆನ್ಸರ್. 2005ರಲ್ಲಿ ಇದೇ ದೊಡ್ಡ ಸುದ್ದಿಯಾಗಿತ್ತು. ಸೋನಿ ತಯಾರಿಸಿದ ಕೆಲವು ಸೆನ್ಸರ್‌ಗಳು ಸೆಕೆ, ತೇವ ಇರುವ ಕಡೆ ಒಳಗಿನ ತಂತಿ ಜೋಡಣೆ ಬಿಟ್ಟು ಕೆಡುತ್ತಿದ್ದವು. ಆ ಸೆನ್ಸರ್ ಹಾಕಿದ್ದ ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್‌ನಂಥ ಕಂಪನಿಗಳೂ ಪುಕ್ಕಟೆ ರಿಪೇರಿ ಮಾಡಿಕೊಡುವುದಾಗಿ ಹೇಳಿದ್ದವು. ಆ ಸವಲತ್ತಿನ ಕಾಲ ಕಳೆದು ಎಷ್ಟೋ ವರ್ಷವಾಯಿತು. ಇವರು ರಿಪೇರಿ ಮಾಡಿಕೊಡ್ತೇನೆ ಅಂತ ಆಸೆ ತೋರಿಸಲಿಲ್ಲ. ಒಳಗಿದ್ದ ಕಾರ್ಡ್ ತೆಗೆದು, ಅದರಲ್ಲಿದ್ದ ಹಳೇ ಫೋಟೋಗಳನ್ನು ಅವಳ ಪೆನ್‌ಡ್ರೈವಿಗೆ ಹಾಕಿಕೊಟ್ಟು ಕಳಿಸಿದರು. ಅಂಗಡಿ ಮೇಲೆ ನನಗೆ ನಂಬಿಕೆ ಕೂತದ್ದು ಆಗ.

ನನ್ನ ಕ್ಯಾಮೆರಾಕ್ಕೆ ಹೇಳಿದ ರೇಟು 1,400 ರೂಪಾಯಿ. ಹೊಸ ಸ್ವಿಚ್ ಬಿಡಿಯಾಗಿ ಸಿಗುವುದಿಲ್ಲ, ಅದೇ ಮಾಡೆಲ್ಲಿನ ಸತ್ತ ಬಾಡಿಯಿಂದ ತೆಗೆದು ಹಾಕುತ್ತೇನೆ ಅಂತ ಮೊದಲೇ ಹೇಳಿದರು. ಬಾಡಿ ಬಿಚ್ಚುವ ಮೊದಲು ನನ್ನಿಂದ ಕಾರ್ಡ್ ತೆಗೆಸಿ ಕಿಸೆಗೆ ಹಾಕಿಸಿದರು. ‘ನಿಮ್ಮ ಫೋಟೋ ನನಗೆ ಬೇಡ, ಕಳೆದರೆ ಕೇಳ್ಬೇಡಿ’ ಅಂತ. ವಾಪಸ್ ಕೊಡುವಾಗ ಹಳೇ ಸ್ವಿಚ್ಚನ್ನು ಒಂದು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಾಕಿ ಕೊಟ್ಟರು. ಕಾಂಟ್ಯಾಕ್ಟ್‌ಗಳೆಲ್ಲ ಕ್ಲೀನ್ ಆಗಿದ್ದವು. ವ್ಯೂಫೈಂಡರಿನ ರಬ್ಬರಿನ ಸಂದಿಯಲ್ಲಿದ್ದ ಕಪ್ಪು ಮಸಿ ಕೂಡ ಹೋಗಿತ್ತು. ರಾಳದ ಹೊಗೆಯದ್ದೇ ಇರಬೇಕು ಅದು.

ಇನ್ನು ಆ ಒಂದು ಅಂಕ. ಶುಕ್ರವಾರ ಕೊಡುತ್ತೇನೆ ಅಂದದ್ದು ಮುಂದಿನ ಬುಧವಾರ ಆಯಿತು. ಫೋನ್ ಎತ್ತುವುದಿಲ್ಲ. ಕೆಲಸ ಮಾಡುವಾಗ ಫೋನ್ ಎತ್ತಿದರೆ ಸ್ಕ್ರೂ ಕಳೆಯುತ್ತದೆ ಅನ್ನುವುದು ಅವರ ಸಮಜಾಯಿಷಿ. ಒಪ್ಪೋಣ, ಆದರೆ ಕುಂದಾಪುರದಿಂದ ಬಸ್ ಹತ್ತಿ ಬಂದವನಿಗೆ ‘ಇನ್ನೂ ಆಗ್ಲಿಲ್ಲ’ ಅಂದರೆ ಹೇಗಾಗಬೇಡ? ಬಿಲ್ಲು ಅಂದರೆ ಕ್ಯಾಲೆಂಡರ್ ಹಿಂದೆ ಬರೆದ ಚೀಟಿ. ಗ್ಯಾರಂಟಿ ಬಾಯಿಮಾತಿನದು, ಒಂದು ತಿಂಗಳು. ಹಿಡಿಕೆಯ ರಬ್ಬರನ್ನು ವಾಪಸ್ ಅಂಟಿಸುವಾಗ ಒಂದು ಮೂಲೆ ಸರಿ ಕೂತಿಲ್ಲ, ಬೆರಳಿಗೆ ತಾಗುತ್ತದೆ. ಹೇಳಿದಾಗ ಅಂಟು ಹಾಕಿ ಕೊಟ್ಟರು, ಸೆಕೆಗೆ ಮತ್ತೆ ಎದ್ದಿದೆ. ಕ್ಯಾಮೆರಾದ ತಾರೀಕು, ಗಂಟೆ ಎರಡೂ ಅಳಿಸಿಹೋಗಿದ್ದವು. ಬ್ಯಾಟರಿ ಇಲ್ಲದೆ ಬಹಳ ದಿನ ಇಟ್ಟರೆ ಹಾಗಾಗುತ್ತದೆ, ಅದು ಅವರ ತಪ್ಪಲ್ಲ. ಆದರೂ ಒಂದು ಮಾತು ಹೇಳಬಹುದಿತ್ತು. ನೀವು ಹೋದರೆ ಮನೆಗೆ ಬಂದ ಕೂಡಲೇ ಅದನ್ನು ನೋಡಿಕೊಳ್ಳಿ.

ಎಲ್ಲ ಕ್ಯಾಮೆರಾವನ್ನೂ ಅಲ್ಲಿಗೆ ಒಯ್ಯಿರಿ ಅಂತ ನಾನು ಹೇಳುವುದಿಲ್ಲ. ವಾರಂಟಿ ಇದ್ದರೆ ಕಂಪನಿಗೇ ಹೋಗಿ, ಹೊರಗೆ ಬಿಚ್ಚಿದ್ದು ಗೊತ್ತಾದರೆ ವಾರಂಟಿ ತಕರಾರು ಬರುತ್ತದೆ. ಮಲ್ಪೆ ಬೀಚಿನ ಮರಳು ಹೊಕ್ಕು ಲೆನ್ಸ್ ಸಿಕ್ಕಿಕೊಂಡ ಸಣ್ಣ ಕ್ಯಾಮೆರಾಗಳನ್ನು ಅವರೇ ಬೇಡ ಅನ್ನುತ್ತಾರೆ, ಕೂಲಿಯೇ ಕ್ಯಾಮೆರಾಕ್ಕಿಂತ ಜಾಸ್ತಿ ಆಗುತ್ತದಂತೆ. ಲೆನ್ಸಿನ ಫಂಗಸ್ ತೆಗೆದುಕೊಡುತ್ತಾರೆ, ಆದರೆ ಫಂಗಸ್ ಲೇಪವನ್ನೇ ತಿಂದಿದ್ದರೆ ಕಲೆ ಉಳಿಯುತ್ತದೆ ಅಂತ ಮೊದಲೇ ಟಾರ್ಚ್ ಹಾಕಿ ತೋರಿಸುತ್ತಾರೆ. ಮೊಬೈಲು, ಡ್ರೋನು ಮುಟ್ಟುವುದಿಲ್ಲ.

ನನ್ನ ಕ್ಯಾಮೆರಾ ಈಗ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆವರೆಗಿನ ಆಟಗಳನ್ನೆಲ್ಲ ಮುಗಿಸಿದೆ, ಒಮ್ಮೆಯೂ ಕೈಕೊಟ್ಟಿಲ್ಲ. ಮಳೆಗಾಲಕ್ಕೆ ಬ್ಯಾಟರಿ ಹೊರಗೆ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕ್ಯಾಮೆರಾ ಇಟ್ಟಿದ್ದೇನೆ. ಡಬ್ಬಿಯೊಳಗೆ ತೇವ ತೋರಿಸುವ ಸಣ್ಣ ಮೀಟರ್ ಇದೆ, ಶೇಕಡಾ 40ರಿಂದ 50ರ ಮಧ್ಯೆ ನಿಂತರೆ ಸಾಕು ಅಂದಿದ್ದಾರೆ.

ಹೋಗುವವರಿಗೆ: ಬೆಳಿಗ್ಗೆ ಹತ್ತೂವರೆ ಮೇಲೆ ಹೋಗಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕಿದರೆ ಮೂರೂವರೆಗೆ ಮುಂಚೆ ತೆಗೆಯುವುದಿಲ್ಲ. ಬ್ಯಾಟರಿ, ಚಾರ್ಜರ್ ಎರಡನ್ನೂ ತಗೊಂಡು ಹೋಗಿ, ಇಲ್ಲದಿದ್ದರೆ ಅದನ್ನು ತರಲು ಮತ್ತೆ ಕಳಿಸುತ್ತಾರೆ. ಜಿಪೇ ನಡೆಯುತ್ತದೆ.