ವಿದ್ಯಾಗಿರಿಯ ರುದ್ರಪಾಠ: ಬಾಯಿಪಾಠವಾಗಿಯೇ ಕಲಿಯಬೇಕು ಅನ್ನುವವರಿಗೆ

ಬಾಗಲಕೋಟೆಯಲ್ಲಿ ನಮಕ-ಚಮಕ, ಅಂದರೆ ರುದ್ರಾಭಿಷೇಕದಲ್ಲಿ ಹೇಳುವ ಯಜುರ್ವೇದದ ಎರಡು ಮಂತ್ರಭಾಗ, ಕಲಿಯೋದಕ್ಕೆ ಎಲ್ಲಿಗೆ ಹೋಗಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳೋದು ಒಂದೇ ವಿಳಾಸ: ವಿದ್ಯಾಗಿರಿಯಲ್ಲಿ ಗುರುಗಳೊಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ 6:30ಕ್ಕೆ ಶುರು ಮಾಡುವ ಪಾಠ. ಬೋರ್ಡಿಲ್ಲ, ಜಾಹೀರಾತಿಲ್ಲ. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಬಂದವರೇ ಎಲ್ಲ. ನವನಗರದಲ್ಲಿ ಆಫೀಸು ಮುಗಿಸಿ ನೇರ ಇಲ್ಲಿಗೆ ಬರುವ ನನ್ನಂಥವರು, ಹಳೆ ಊರಿನ ಅಂಗಡಿಕಾರರು, ಪಿಯುಸಿ ಹುಡುಗರು, ನಿವೃತ್ತರಾದ ಒಬ್ಬ ಮಾಸ್ತರು, ಬೀಳಗಿ ಕಡೆಯಿಂದ ಬೈಕಿನಲ್ಲಿ ಬರುವ ಒಬ್ಬ ರೈತರು. ಕಳೆದ ಶ್ರಾವಣದಲ್ಲಿ ಸೇರಿದ ನನಗೆ ಈಗ ಎರಡೂ ಪ್ರಶ್ನಗಳು, ಅಂದರೆ ನಮಕ, ಚಮಕದ ಅಧ್ಯಾಯಗಳು, ಪುಸ್ತಕವಿಲ್ಲದೆ ಬರುತ್ತವೆ. ಅದರ ಶ್ರೇಯಸ್ಸು ಪೂರ್ತಿ ಅಲ್ಲಿನ ಪದ್ಧತಿಗೆ ಸಲ್ಲಬೇಕು.

ಪದ್ಧತಿ ಅಂದರೆ ಸಂಥೆ. ಗುರುಗಳು ಒಮ್ಮೆ ಹೇಳುತ್ತಾರೆ, ನಾವು ಎರಡು ಸಲ ಹೇಳಬೇಕು. ಮೊದಲು ತುಂಡು ತುಂಡಾಗಿ, ಆಮೇಲೆ ಅರ್ಧ ಮಂತ್ರ, ಆಮೇಲೆ ಪೂರ್ತಿ. ಎಲ್ಲರೂ ಒಟ್ಟಿಗೆ ಹೇಳಿದ ಮೇಲೆ ಒಬ್ಬೊಬ್ಬರೇ ಹೇಳಬೇಕು, ಅದೂ ಪುಸ್ತಕ ಮುಚ್ಚಿ. ಉಚ್ಚಾರಣೆಯ ನಿಯಮ ಹೇಳುವ ಹಳೆಯ ಗ್ರಂಥ ಪಾಣಿನೀಯ ಶಿಕ್ಷೆಯಲ್ಲಿ ಕೀಳು ಪಾಠಕರ ಪಟ್ಟಿ ಒಂದಿದೆ: ಹಾಡಿನಂತೆ ಎಳೆಯುವವ, ಅವಸರ ಮಾಡುವವ, ತಲೆ ಅಲ್ಲಾಡಿಸುವವ, ಬರೆದದ್ದನ್ನು ನೋಡಿ ಓದುವವ, ಅರ್ಥ ತಿಳಿಯದವ, ದನಿ ಸಾಲದವ. ಮೊದಲ ವಾರವೇ ಗುರುಗಳು ಆ ಶ್ಲೋಕ ಹೇಳಿಕೊಟ್ಟರು. ಆಮೇಲೆ ವರ್ಷವಿಡೀ ಅದನ್ನೇ ಅಳತೆಗೋಲಾಗಿ ಹಿಡಿದರು.

'ನಮಸ್ತೇ ರುದ್ರ ಮನ್ಯವ ಉತೋತ ಇಷವೇ ನಮಃ' ಎಂಬ ಮೊದಲ ಸಾಲಿಗೇ ಒಂದು ಸಂಜೆ ಪೂರ್ತಿ ಹೋಯಿತು. 'ನಮಸ್ತೇ'ಯಲ್ಲಿ ನ ಉದಾತ್ತ, ದನಿ ಸಮಕ್ಕೆ ನಿಲ್ಲಬೇಕು. ಮ ಸ್ವರಿತ, ದನಿ ಏರಬೇಕು. 'ಮನ್ಯವ'ದ ಮ ಅನುದಾತ್ತ, ಇಳಿಯಬೇಕು. 'ಉತೋತ'ದಲ್ಲಿ ಉ ಕೆಳಗೆ, ತೋ ಸಮ, ಕೊನೆಯ ತ ಮತ್ತೆ ಕೆಳಗೆ. ಏರಿಸಿ ಅಂದ ಕೂಡಲೇ ಹುಡುಗರು ಗಂಟಲು ಹರಿಯುವಂತೆ ಕೂಗಿದರು. "ದನಿ ಏರಸೂದು ಅಂದ್ರ ಒದರೂದಲ್ರೆಪಾ" ಅಂದು ಗುರುಗಳು ತಾವು ಮೆಲ್ಲಗೆ ಹೇಳಿ ತೋರಿಸಿದರು. ಅಷ್ಟು ಸಣ್ಣ ದನಿಯಲ್ಲೂ ಮೂರು ಸ್ವರಗಳು ಮೂರು ಬೇರೆ ಕಡೆ ನಿಂತಿದ್ದವು. ಇನ್ನೊಂದು ಅಂದರೆ 'ಮನ್ಯವ'ದ ಕೊನೆಯ ಅಕಾರ, 'ಉತೋತ'ದ ಮೊದಲ ಉಕಾರ. ವೇಗದಲ್ಲಿ ಹೇಳುವವರ ಬಾಯಲ್ಲಿ ಅದು 'ಮನ್ಯವುತೋತ' ಆಗಿಬಿಡುತ್ತದೆ, ಎಷ್ಟೋ ಅಭಿಷೇಕಗಳಲ್ಲಿ ಹಾಗೇ ಕೇಳಿದ್ದೇನೆ. ಇಲ್ಲಿ ಅದು ನಡೆಯೋದಿಲ್ಲ. "ಎರಡೂ ಕೇಳಬೇಕ್ರಿ, ಒಂದನ್ನ ನುಂಗಬ್ಯಾಡ್ರಿ."

ನಮ್ಮ ಕಡೆಯವರಿಗೆ ಇನ್ನೂ ಕಠಿಣವಾದದ್ದು ಮಹಾಪ್ರಾಣ. ಮುಂದಿನ ಸಾಲಿನ 'ಧನ್ವನೇ' ಸರಾಗವಾಗಿ 'ದನ್ವನೆ' ಆಗುತ್ತದೆ, 'ಬಾಹುಭ್ಯಾಂ' ಹೋಗಿ 'ಬಾಹುಬ್ಯಾಂ' ಆಗುತ್ತದೆ. ಗುರುಗಳು ಅಂಗೈಯನ್ನು ಬಾಯಿ ಮುಂದೆ ಹಿಡಿಸಿ 'ದ', 'ಧ' ಹೇಳಿಸುತ್ತಾರೆ. ಧ ಅಂದಾಗ ಉಸಿರು ಕೈಗೆ ತಾಗಬೇಕು. ಎಪ್ಪತ್ತು ದಾಟಿದ ಮಾಸ್ತರರೂ ಹುಡುಗರ ಜೊತೆ ಕೂತು ಅದನ್ನೇ ಮಾಡಿದರು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ವರ್ಣ, ಸ್ವರ, ಮಾತ್ರಾ (ಕಾಲದ ಅಳತೆ), ಬಲ (ಉಚ್ಚಾರದ ಒತ್ತು), ಸಾಮ (ಸಮವಾದ ಹದ), ಸಂತಾನ (ಅಕ್ಷರಗಳ ಜೋಡಣೆ) ಎಂದು ಉಚ್ಚಾರಣೆಯ ಆರು ಅಂಗ ಹೆಸರಿಸುತ್ತದಲ್ಲ, ಈ ತರಗತಿಯಲ್ಲಿ ಆ ಆರಕ್ಕೂ ಸಮಯ ಸಿಗುತ್ತದೆ.

ಇಲ್ಲಿಗೆ ಬರುವ ಮೊದಲು ನಾನು ದುಡ್ಡು ಕಟ್ಟಿ ಒಂದು ಆನ್‌ಲೈನ್ ಕೋರ್ಸ್ ಸೇರಿದ್ದೆ. ಹೇಳಿಕೊಡುವವರ ಉಚ್ಚಾರ ಚೊಕ್ಕವಾಗಿತ್ತು, ಆದರೆ ನಮ್ಮೆಲ್ಲರ ಮೈಕು ಬಂದ್. ನಾವು ಏನು ಹೇಳುತ್ತೇವೆ ಅನ್ನೋದು ಅವರ ಕಿವಿಗೆ ಬೀಳಲೇ ಇಲ್ಲ. ಕೋರ್ಸ್ ಮುಗಿಯಿತು, ಸರ್ಟಿಫಿಕೇಟ್ ಬಂತು, ರುದ್ರ ಬರಲಿಲ್ಲ. ಮೊಬೈಲಿನ ಆಡಿಯೋ ರಿವಿಜನ್‌ಗೆ ಚೆನ್ನ. ಹೇಳಿಸಿಕೊಂಡ ಪಾಠವನ್ನು ಬೆಳಿಗ್ಗೆ ಕೇಳುತ್ತ ಹೇಳಿದರೆ ಗಟ್ಟಿಯಾಗುತ್ತದೆ. ಕಲಿಯುವುದಕ್ಕೆ ಮಾತ್ರ ಎದುರಿಗೆ ಕೂತು ತಿದ್ದುವ ಒಂದು ಕಿವಿ ಬೇಕೇ ಬೇಕು. ಅಗ್ಗದ ಪುಸ್ತಕಗಳದ್ದೂ ಒಂದು ತೊಂದರೆ. ಕನ್ನಡ ಲಿಪಿಯಲ್ಲಿ ಅಚ್ಚಾದ ಒಂದರಲ್ಲಿ ಸ್ವರ ತೋರಿಸುವ ಮೇಲಿನ ಗೆರೆಗಳೆಲ್ಲ ಒಂದಕ್ಷರ ಮುಂದಕ್ಕೆ ಸರಿದಿದ್ದವು. ಅದನ್ನು ನಂಬಿ ಕಲಿತವರ ಗತಿ ಏನು? ಪುಸ್ತಕ ಕೊಳ್ಳುವಾಗ ಮೊದಲ ಸಾಲು ನೋಡಿ: 'ನಮಸ್ತೇ'ಯ ಮ ಮೇಲೆ ನಿಂತ ಗೆರೆ, 'ಮನ್ಯವ'ದ ಮೊದಲ ಮ ಕೆಳಗೆ ಅಡ್ಡಗೆರೆ ಇರಬೇಕು. ಇಲ್ಲದಿದ್ದರೆ ಅಂಗಡಿಯಲ್ಲೇ ವಾಪಸ್ ಇಡಿ.

ಭಾನುವಾರ ಬೆಳಿಗ್ಗೆ ಅರ್ಥದ ಪಾಠ. ನನಗೆ ಇಡೀ ವಾರದಲ್ಲಿ ಅತಿ ಇಷ್ಟವಾದ ಹೊತ್ತು ಇದೇ. ನಮಕದ 4ನೇ ಅನುವಾಕದಲ್ಲಿ (ಅನುವಾಕ ಅಂದರೆ ಮಂತ್ರಗಳ ಒಂದು ಗುಚ್ಛ) ಬಡಿಗನಿಗೆ, ರಥ ಮಾಡುವವನಿಗೆ, ಕುಂಬಾರನಿಗೆ, ಕಮ್ಮಾರನಿಗೆ ಒಬ್ಬೊಬ್ಬರಿಗೂ ನಮಸ್ಕಾರವಿದೆ. 8ನೇ ಅನುವಾಕದ 'ನಮಃ ಶಿವಾಯ ಚ ಶಿವತರಾಯ ಚ'ದಲ್ಲಿ ಪಂಚಾಕ್ಷರಿ ಬರುತ್ತದೆ. ದಿನವೂ ಜಪಿಸುವ ಆ ಐದಕ್ಷರ ಇಲ್ಲಿಂದ ಬಂದವು ಎಂದು ತಿಳಿದಾಗ ಮಾಸ್ತರರು ಕೈ ಮುಗಿದರು. ಚಮಕದ 4ನೇ ಅನುವಾಕಕ್ಕೆ ಬಂದ ದಿನ ಮಾತ್ರ ಪಡಸಾಲೆ ತುಂಬ ಮಾತೇ ಮಾತು. ವ್ರೀಹಿ ಅಂದರೆ ಭತ್ತ, ಯವ ಜವೆಗೋಧಿ, ಮಾಷ ಉದ್ದು, ತಿಲ ಎಳ್ಳು, ಮುದ್ಗ ಹೆಸರು, ಗೋಧೂಮ ಗೋಧಿ, ಪ್ರಿಯಂಗು ನವಣೆ, ಶ್ಯಾಮಾಕ ಸಾವೆ. ನಮ್ಮ ಹೊಲದ ಬೆಳೆಗಳನ್ನೇ ಒಂದೊಂದಾಗಿ ಹೆಸರಿಟ್ಟು 'ಚ ಮೇ', ಅಂದರೆ ನನಗಿರಲಿ ಎಂದು ಬೇಡುವುದು. ಬೀಳಗಿ ಕಡೆಯ ರೈತರು ತಡೆಯಲಾರದೆ ಕೇಳಿದರು: "ಇದರಾಗ ನಮ್ಮ ಜ್ವಾಳಾ ಎಲ್ಲೈತ್ರೀ, ಗುರುಗಳಽ?" ಗುರುಗಳು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಸಾವಕಾಶ ಹೇಳಿ, "ಜ್ವಾಳಾ ಇಲ್ರಿ. ನವಣಿ ಅದ, ಸಾವಿ ಅದ" ಅಂದರು. ಆಮೇಲೆ ಆ ಸಾಲುಗಳನ್ನು ಆ ರೈತರಷ್ಟು ಸ್ಪಷ್ಟವಾಗಿ ಹೇಳುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಹುಡುಗರಿಗೆ ಇಷ್ಟ ಚಮಕದ 11ನೇ ಅನುವಾಕ. ಒಂದು, ಮೂರು, ಐದು ಎಂದು ಬೆಸಸಂಖ್ಯೆಗಳು 33ರವರೆಗೆ, ಆಮೇಲೆ ನಾಲ್ಕರ ಮಗ್ಗಿ 48ರವರೆಗೆ. ಅವರಿಗೆ ಅದು ಎರಡೇ ಸಂಜೆಯಲ್ಲಿ ಬಾಯಿಗೆ ಬಂತು.

ಸೇರುವ ಮೊದಲು ನಿಮ್ಮ ಮನೆಯ ವೇದಶಾಖೆ ಯಾವುದು ಎಂದು ಹಿರಿಯರನ್ನು ಕೇಳಿಕೊಳ್ಳಿ. ಇಲ್ಲಿ ಹೇಳಿಕೊಡುವುದು ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆಯ ಪಾಠ. 4ನೇ ಕಾಂಡದ 5ನೇ ಪ್ರಶ್ನ ನಮಕ, 7ನೇ ಪ್ರಶ್ನ ಚಮಕ. ಶುಕ್ಲ ಯಜುರ್ವೇದದವರಿಗೆ ರುದ್ರ ವಾಜಸನೇಯಿ ಸಂಹಿತೆಯ 16ನೇ ಅಧ್ಯಾಯ, ಚಮಕ 18ನೆಯದು. ಪಾಠದ ಕ್ರಮ ಬೇರೆ, ಹೇಳುವ ರೀತಿಯೂ ಬೇರೆ. ಶುಕ್ಲ ಯಜುರ್ವೇದದ ಒಂದು ಶಾಖೆಯವರಾದ ಮಾಧ್ಯಂದಿನರು ಷಕಾರವನ್ನು ಎಷ್ಟೋ ಕಡೆ ಖ ಎನ್ನುತ್ತಾರೆ, ಅವರ ಬಾಯಲ್ಲಿ ಪುರುಷ ಪುರುಖ ಆಗುತ್ತದೆ. ಸ್ವರಕ್ಕೆ ತಕ್ಕಂತೆ ಕೈಯನ್ನೂ ಆಡಿಸುತ್ತಾರೆ. ನಮ್ಮ ಬ್ಯಾಚಿನಲ್ಲಿ ಅಂಥ ಮನೆಯ ಹುಡುಗನೊಬ್ಬ ಇದ್ದ. ಗುರುಗಳು ಅವನ ಅಜ್ಜನ ಪಾಠವನ್ನು ತಪ್ಪು ಅನ್ನಲಿಲ್ಲ. "ನಿಮ್ಮಜ್ಜನ ಹತ್ರನ ಕಲಿಯಪಾ, ಅದು ಹೋಗಬಾರದು" ಎಂದು ಅವನನ್ನು ಮನೆಗೇ ಕಳಿಸಿದರು. ಶಿಷ್ಯನನ್ನು ಹೀಗೆ ಬಿಟ್ಟುಕೊಡುವ ಗುರುಗಳ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕೊರತೆಗಳೂ ಇವೆ. ಶಿವರಾತ್ರಿಗೆ ಏಕಾದಶ ರುದ್ರ, ಅಂದರೆ ನಮಕ 11 ಸಲ, ಪ್ರತಿ ಸಲಕ್ಕೂ ಚಮಕದ ಒಂದೊಂದು ಅನುವಾಕ, ಎಲ್ಲರೂ ಕೂಡಿ ಹೇಳಬೇಕು ಎಂದು ಗೊತ್ತಾಗಿದ್ದರಿಂದ ಚಮಕದ ಕೊನೆಯ ಭಾಗ ಓಡಿತು. 5ರಿಂದ 10ನೇ ಅನುವಾಕದವರೆಗೆ ಒಬ್ಬೊಬ್ಬರೇ ಹೇಳುವ ಸರದಿಯೇ ಬರಲಿಲ್ಲ. ಅಲ್ಲಿ ಈಗಲೂ ನಮ್ಮ ದನಿಗಳು ಕೂಡುವುದಿಲ್ಲ. ಆರೇಳು ವಾರ ಹೆಚ್ಚು ಹಿಡಿದರೂ ಚಿಂತೆಯಿಲ್ಲ, ಆ ಭಾಗಕ್ಕೂ ಮೊದಲ ಸಾಲಿನಷ್ಟೇ ತಾಳ್ಮೆ ಬೇಕು. ಚಾಪೆ ಬಿಟ್ಟರೆ ಬೇರೆ ಆಸನವಿಲ್ಲ, ಮಂಡಿನೋವಿನವರು ಮೊದಲೇ ಹೇಳಿದರೆ ಕುರ್ಚಿ ಹಾಕಿಕೊಡುತ್ತಾರೆ. ಏಪ್ರಿಲ್-ಮೇ ಸೆಖೆಯಲ್ಲಿ ಕರೆಂಟು ಹೋದರೆ ಕಷ್ಟ, ಪಾಠ ಅಂಗಳಕ್ಕೆ ಬರುತ್ತದೆ, ಅಲ್ಲಿ ರಸ್ತೆಯ ಗದ್ದಲಕ್ಕೆ ಅನುದಾತ್ತ ಕೇಳುವುದೇ ಇಲ್ಲ.

ಫೀ ಇಲ್ಲ. ಗುರುಪೂರ್ಣಿಮೆಗೆ ನಿಮ್ಮ ಶಕ್ತ್ಯಾನುಸಾರ ದಕ್ಷಿಣೆ. ಮೊದಲ ತಿಂಗಳು ರೆಕಾರ್ಡಿಂಗ್‌ಗೆ ಅವಕಾಶವಿಲ್ಲ, ಆಮೇಲೆ ಗುರುಗಳೇ ಅನುವಾಕಕ್ಕೊಂದರಂತೆ ಹೇಳಿ ಮೊಬೈಲಿಗೆ ಹಾಕಿಕೊಡುತ್ತಾರೆ. ಹೊಸಬರನ್ನು ಶ್ರಾವಣದಲ್ಲಿ ಮಾತ್ರ ಸೇರಿಸಿಕೊಳ್ಳುತ್ತಾರೆ, ನಡುವೆ ಬಂದವರಿಗೆ ಭಾನುವಾರದ ಅರ್ಥದ ಪಾಠಕ್ಕಷ್ಟೇ ಜಾಗ. 6:30 ಅಂದರೆ 6:30. ಶಾಂತಿಮಂತ್ರ ಶುರುವಾದ ಮೇಲೆ ಬಂದವರು ಅದು ಮುಗಿಯುವ ತನಕ ಕಟ್ಟೆಯ ಮೇಲೆ ಕೂಡಬೇಕು. ನವನಗರದಿಂದ ಬರುವವರು ಆಫೀಸಿನಿಂದ ಸ್ವಲ್ಪ ಬೇಗ ಹೊರಡುವ ವ್ಯವಸ್ಥೆ ಮಾಡಿಕೊಂಡೇ ಹೆಸರು ಕೊಡಿ.